ಹೆಬ್ಬೆರಳಿಗೆ ಒಪ್ಪುವ ಥಂಬ್ ಪಿಕ್: ಆರಿಸುವುದು, ತಿದ್ದುವುದು, ರೂಢಿಸಿಕೊಳ್ಳುವುದು

ಗಿಟಾರಿನ ತಂತಿ ಮೀಟಲು ಹೆಬ್ಬೆರಳಿಗೆ ಉಂಗುರದಂತೆ ತೊಡುವ ಥಂಬ್ ಪಿಕ್ ಕೊಂಡವರಲ್ಲಿ ಬಹಳ ಮಂದಿ ಅದನ್ನು ಕೆಲವೇ ವಾರಗಳಲ್ಲಿ ಗಿಟಾರ್ ಚೀಲದ ಹೊರಜೇಬಿಗೆ ಸೇರಿಸಿ ಮರೆತುಬಿಡುತ್ತಾರೆ. ಏಕೆಂದು ಕೇಳಿದರೆ ಸಿಗುವ ಉತ್ತರ ಎರಡೇ: ಬೆರಳು ನೋಯುತ್ತದೆ, ಇಲ್ಲವೇ ನುಡಿಸುತ್ತಿರುವಾಗಲೇ ತಿರುಗಿಬಿಡುತ್ತದೆ. ಬಿಗಿಯಾದದ್ದು ನೋಯಿಸುತ್ತದೆ, ಸಡಿಲವಾದದ್ದು ತಿರುಗುತ್ತದೆ. ಅಂಗಡಿಯಿಂದ ತಂದ ರೂಪದಲ್ಲೇ ಬೆರಳಿಗೆ ಸರಿಯಾಗಿ ಕೂರುವ ಪಿಕ್ ಅಪರೂಪ. ಕನ್ನಡಕದ ಅಂಗಡಿಯವರು ಕಡ್ಡಿಯನ್ನು ಬಿಸಿ ಮಾಡಿ, ಬಗ್ಗಿಸಿ, ನಮ್ಮ ಕಿವಿಗೆ ಹೊಂದಿಸಿಕೊಡುತ್ತಾರಲ್ಲ, ಥಂಬ್ ಪಿಕ್‌ಗೂ ಅಂಥದೇ ಉಪಚಾರ ಬೇಕು. ವ್ಯತ್ಯಾಸವೆಂದರೆ ಇಲ್ಲಿ ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಯಾವ ಕಂಪನಿ ಒಳ್ಳೆಯದು, ಯಾವ ವಸ್ತುವಿನ ನಾದ ಚೆಂದ ಎಂಬ ಪ್ರಶ್ನೆಗಳಿಂದಲೇ ಹೆಚ್ಚಿನವರು ಆರಂಭಿಸುತ್ತಾರೆ. ನನ್ನ ಪ್ರಕಾರ ಕ್ರಮ ತಲೆಕೆಳಗಾಗಬೇಕು. ಮೊದಲು ನೋಡಬೇಕಾದದ್ದು ಬೆರಳನ್ನು ಸುತ್ತುವ ಪಟ್ಟಿ, ಆಮೇಲೆ ತಂತಿಯನ್ನು ಮೀಟುವ ಅಲಗು, ಕೊನೆಗೆ ವಸ್ತು ಮತ್ತು ಹೆಸರು. ಪಟ್ಟಿ ಒಪ್ಪದಿದ್ದರೆ ಉಳಿದೆರಡು ಎಷ್ಟೇ ಉತ್ತಮವಾಗಿದ್ದರೂ ಆ ಪಿಕ್ ಜೇಬಿನಲ್ಲೇ ಕೊಳೆಯುತ್ತದೆ.

ಇದು ನಿಮಗೆ ಬೇಕೇ?

ಹೆಬ್ಬೆರಳು ಕೆಳಸ್ವರದ ತಂತಿಗಳಲ್ಲಿ ತಾಳ ಹಿಡಿದು ಸಾಗುತ್ತಿರುವಾಗಲೇ ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ರಾಗ ನುಡಿಸಬೇಕು ಎಂದಾದರೆ ಥಂಬ್ ಪಿಕ್ ಬಲು ಉಪಯೋಗಿ. ಈ ಶೈಲಿಗೆ ಟ್ರಾವಿಸ್ ಪಿಕಿಂಗ್ ಎಂಬ ಹೆಸರು ಬಂದದ್ದು ಅಮೆರಿಕದ ಕೆಂಟಕಿ ರಾಜ್ಯದ ಮ್ಯೂಲೆನ್‌ಬರ್ಗ್ ಕೌಂಟಿಯಲ್ಲಿ 1917ರಲ್ಲಿ ಹುಟ್ಟಿದ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಅವರಿಂದ. ಕಲ್ಲಿದ್ದಲು ಗಣಿಗಳ ಆ ಸೀಮೆಯಲ್ಲಿ ಮೋಸ್ ರೇಗರ್, ಐಕ್ ಎವರ್ಲಿ ಮೊದಲಾದವರು ನುಡಿಸುತ್ತಿದ್ದುದನ್ನು ನೋಡಿ ಟ್ರಾವಿಸ್ ಕಲಿತರು. ಹೆಬ್ಬೆರಳಿಗೆ ಪಿಕ್, ಜೊತೆಗೆ ಹೆಚ್ಚಾಗಿ ತೋರುಬೆರಳೊಂದೇ. ಅಂಗೈಯ ಅಂಚು ಗಿಟಾರಿನ ಮೈಮೇಲೆ ತಂತಿಗಳು ಕೂರುವ ಬ್ರಿಡ್ಜ್ ಮೇಲೆ ಒರಗಿ ಕೆಳಸ್ವರವನ್ನು ತುಸು ಅದುಮಿರುತ್ತಿತ್ತು. ಸಿನ್ಸಿನ್ನಾಟಿಯ ಡಬ್ಲ್ಯೂಎಲ್‌ಡಬ್ಲ್ಯೂ ರೇಡಿಯೋದಲ್ಲಿ ಟ್ರಾವಿಸ್ ನುಡಿಸುತ್ತಿದ್ದುದನ್ನು ಮುಂದೆ ಹೆಸರಾಂತ ಗಿಟಾರ್ ವಾದಕರಾದ, ಆಗ ಹುಡುಗನಾಗಿದ್ದ ಚೆಟ್ ಆಟ್ಕಿನ್ಸ್ ಕೇಳಿಸಿಕೊಂಡರು. ರೇಡಿಯೋದಲ್ಲಿ ಬೆರಳು ಕಾಣುವುದಿಲ್ಲವಲ್ಲ. ಇಷ್ಟೊಂದು ಸ್ವರಗಳಿಗೆ ಹೆಚ್ಚು ಬೆರಳುಗಳು ಬೇಕೆಂದು ಭಾವಿಸಿ ಹೆಬ್ಬೆರಳಿನ ಜೊತೆಗೆ ಹಲವು ಬೆರಳುಗಳನ್ನು ದುಡಿಸುವ ತಮ್ಮದೇ ಪದ್ಧತಿ ಕಟ್ಟಿಕೊಂಡರು. ಇಂದು ಆಸ್ಟ್ರೇಲಿಯಾದ ಟಾಮಿ ಇಮ್ಯಾನ್ಯುಯೆಲ್ ಅವರ ಕೈಯಲ್ಲಿ ಕಾಣುವುದು ಇದೇ ಪರಂಪರೆಯ ಮುಂದುವರಿಕೆ.

ನಮ್ಮ ದೇಶಕ್ಕೆ ಥಂಬ್ ಪಿಕ್ ಬಂದ ದಾರಿ ಬೇರೆ. ತೊಡೆಯ ಮೇಲೆ ಅಡ್ಡಲಾಗಿ ಇಟ್ಟು, ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರಿನ ಜೊತೆ ಅದು ಬಂತು. ಹವಾಯಿ ಸಂಗೀತಗಾರ ಟೌ ಮೋ 1940ರ ದಶಕದಲ್ಲಿ ಕೋಲ್ಕತ್ತಾದಲ್ಲಿ ನೆಲೆಸಿದ್ದರು. ಬಂಗಾಳದ ಮನೆಮನೆಗಳಲ್ಲಿ ಆ ವಾದ್ಯ ಬೇರೂರಿತು. ಅದೇ ಗಿಟಾರನ್ನು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದವರಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಮೊದಲಿಗರು. ಇಂಥ ಗಿಟಾರನ್ನೇ ಮಾರ್ಪಡಿಸಿದ ಮೋಹನ ವೀಣೆಯ ವಿಶ್ವ ಮೋಹನ್ ಭಟ್ 1994ರಲ್ಲಿ ಗ್ರ್ಯಾಮಿ ಪಡೆದ ಮೇಲೆ ಈ ಬಗೆಯ ವಾದನ ಲೋಕಕ್ಕೆಲ್ಲ ಪರಿಚಿತವಾಯಿತು. ಹಿಂದೂಸ್ತಾನಿ ಸ್ಲೈಡ್ ಗಿಟಾರಿನಲ್ಲಿ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ಈ ವಾದ್ಯವನ್ನು ಕಲಿಯುವವರು ಥಂಬ್ ಪಿಕ್ ಇಲ್ಲದೆ ಬಹಳ ದೂರ ಹೋಗಲಾರರು.

ಬೇಡವಾದವರೂ ಇದ್ದಾರೆ. ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ಕಲಿಯುವವರಿಗೆ ಉಗುರೇ ಸಾಕು. ಹಾಡಿನ ಜೊತೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ತಂತಿಗಳನ್ನು ಸವರುವುದಷ್ಟೇ ಉದ್ದೇಶವಾದರೆ ಎರಡು ಬೆರಳಲ್ಲಿ ಹಿಡಿಯುವ ಚಪ್ಪಟೆ ಪಿಕ್ ಸುಲಭ. ಜಾಝ್ ದಿಗ್ಗಜ ವೆಸ್ ಮಾಂಟ್‌ಗಮರಿ ಬರಿಯ ಹೆಬ್ಬೆರಳಿನಿಂದಲೇ ಎಲ್ಲವನ್ನೂ ಸಾಧಿಸಿದವರು. ಅವರ ನಾದವೇ ನಿಮಗೆ ಬೇಕಾದದ್ದಾದರೆ ಪಿಕ್ ಅಡ್ಡಿಯಾಗುತ್ತದೆ.

ಮೊದಲು ಅಳತೆ

ಪಿಕ್ ಎಲ್ಲಿ ಕೂರಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಹೆಬ್ಬೆರಳಿನ ತುದಿಯ ಗೆಣ್ಣಿಗೂ ಉಗುರಿನ ಬುಡಕ್ಕೂ ನಡುವೆ ಒಂದು ಕಿರಿದಾದ ಜಾಗವಿದೆ. ಪಟ್ಟಿಯ ಹೆಚ್ಚಿನ ಭಾಗ ಅಲ್ಲಿ ನಿಲ್ಲಬೇಕು, ಮುಂದಿನ ಅಂಚು ಉಗುರಿನ ಮೇಲೆ ತುಸು ಬಂದರೆ ತೊಂದರೆಯಿಲ್ಲ. ಗೆಣ್ಣಿನ ಮೇಲೇರಿದರೆ ಬೆರಳು ಮಡಚಲಾಗದು. ತೀರಾ ತುದಿಗೆ ಹೋದರೆ ಪ್ರತಿ ಮೀಟಿಗೂ ಮುಂದೆ ಸರಿದು ಕಳಚುತ್ತದೆ. ಅಲಗು ಬೆರಳಿನ ಮೆತ್ತನೆಯ ಭಾಗದ ಕೆಳಗಿನಿಂದ ಹೊರಟು, ತೋರುಬೆರಳಿಗೆ ಬೆನ್ನು ಮಾಡಿ, ಗಿಟಾರಿನ ಮುಖದ ಹಲಗೆಯತ್ತ ಚಾಚಿರಬೇಕು. ಅದು ತೋರುಬೆರಳಿನತ್ತ ಚಾಚಿದ್ದರೆ ಪಿಕ್ಕನ್ನು ತಿರುಗುಮುರುಗಾಗಿ ಹಾಕಿಕೊಂಡಿದ್ದೀರಿ, ಇಲ್ಲವೇ ಅದು ಇನ್ನೊಂದು ಕೈಯದು. ಎಡಗೈಯಲ್ಲಿ ಮೀಟುವವರು ಕೊಳ್ಳುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಬೇಕು. ಅಲಗು ನೇರವಾಗಿರುವ ಕೆಲವನ್ನು ಹಿಂದುಮುಂದಾಗಿ ಹಾಕಿಕೊಂಡು ಕೆಲಸ ಸಾಗಿಸಬಹುದು; ಓರೆ ಅಲಗಿನವು ಆ ಉಪಾಯಕ್ಕೆ ಬಗ್ಗುವುದಿಲ್ಲ, ಎಡಗೈಯವೇ ಬೇಕು.

ಈಗ ಒಂದು ತೆಳುವಾದ ಕಾಗದದ ಪಟ್ಟಿಯನ್ನು ಆ ಜಾಗದಲ್ಲಿ ಸುತ್ತಿ, ಸೇರುವ ಕಡೆ ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಸುತ್ತಳತೆ 60 ಮಿಲಿಮೀಟರ್ ಬಂದರೆ 3.14ರಿಂದ ಭಾಗಿಸಿ, ವ್ಯಾಸ ಸುಮಾರು 19 ಮಿಲಿಮೀಟರ್. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಪಿಕ್ಕನ್ನು ತಿದ್ದುವಾಗ ಬೇಕಾಗುತ್ತದೆ. ಅಳೆಯುವುದು ಸಂಜೆಯಾದರೆ ಒಳ್ಳೆಯದು. ಸೆಕೆಯಲ್ಲಿ ಮತ್ತು ಕೆಲಸದ ನಂತರ ಬೆರಳು ತುಸು ಊದಿರುತ್ತದೆ, ಚಳಿಯಲ್ಲಿ ಮತ್ತು ಹವಾನಿಯಂತ್ರಿತ ಸಭಾಂಗಣಗಳಲ್ಲಿ ಕುಗ್ಗುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಹಿಂಡುವ ಪಿಕ್ ಡಿಸೆಂಬರಿನ ಮಡಿಕೇರಿಯಲ್ಲಿ ಸಡಿಲವೆನಿಸಿದರೆ ಆಶ್ಚರ್ಯವಿಲ್ಲ. ಕಛೇರಿ ಕೊಡುವವರು ಒಂದೇ ಬಗೆಯ ಎರಡು ಪಿಕ್‌ಗಳನ್ನು ಬೇರೆ ಬೇರೆ ಬಿಗಿಗೆ ತಿದ್ದಿ ಇಟ್ಟುಕೊಳ್ಳುವುದು ಇದಕ್ಕೇ.

ಪೊಟ್ಟಣದ ಮೇಲಿನ ಮೀಡಿಯಂ, ಲಾರ್ಜ್ ಎಂಬ ಮಾತುಗಳನ್ನು ಹೆಚ್ಚು ನಂಬಬೇಡಿ. ಎಲ್ಲ ತಯಾರಕರೂ ಪಾಲಿಸುವ ಸಾಮಾನ್ಯ ಅಳತೆಯೊಂದು ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್‌ಗೆ ಸಮನಾಗಬಹುದು. ಜೊತೆಗೆ ಮೀಡಿಯಂ ಎಂಬುದು ಕೆಲವರಲ್ಲಿ ಪಟ್ಟಿಯ ಗಾತ್ರ, ಕೆಲವರಲ್ಲಿ ಅಲಗಿನ ದಪ್ಪ. ಆನ್‌ಲೈನ್‌ನಲ್ಲಿ ಕೊಳ್ಳುವವರು ವಿವರಣೆಯನ್ನು ಓದಿ ಯಾವುದರ ಮಾತು ಎಂದು ತಿಳಿದೇ ಹಣ ಕೊಡಿ. ಎರಡು ಗಾತ್ರಗಳ ನಡುವೆ ಸಿಕ್ಕಿಕೊಂಡರೆ ನನ್ನ ಸಲಹೆ ದೊಡ್ಡದು. ದೊಡ್ಡದನ್ನು ಬಿಗಿ ಮಾಡುವುದು ಸುಲಭ. ಚಿಕ್ಕದನ್ನು ಅಗಲಿಸಲು ಹೋದರೆ ಪಟ್ಟಿಯ ಎರಡು ತುದಿಗಳ ನಡುವೆ ಬಾಯಿ ತೆರೆದು ಚರ್ಮವನ್ನು ಕಚ್ಚುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು ಹೆಚ್ಚೇನಿಲ್ಲ. ಹಾಕಿಕೊಂಡು ಕೈಯನ್ನು ಜೋರಾಗಿ ಕೊಡವಿ, ಬೀಳಬಾರದು. ಇನ್ನೊಂದು ಕೈಯ ಬೆರಳಿನಿಂದ ಅಲಗಿನ ತುದಿಯನ್ನು ತಂತಿ ತಳ್ಳುವಂತೆ ಹಿಂದಕ್ಕೆ ತಳ್ಳಿ. ತುಸು ಬಾಗಬಹುದು, ಪಟ್ಟಿ ತಿರುಗಬಾರದು. ಗೆಣ್ಣನ್ನು ಪೂರ್ತಿ ಮಡಚಿ, ಪೂರ್ತಿ ಚಾಚಿ. ಎಲ್ಲಿಯೂ ಅಂಚು ಚುಚ್ಚಬಾರದು. ಆಮೇಲೆ ಅಂಗಡಿಯವರೊಂದಿಗೆ ತಂತಿಯ ಬೆಲೆಯನ್ನೋ ಇನ್ನೇನನ್ನೋ ಮಾತಾಡುತ್ತಾ ಹತ್ತು ನಿಮಿಷ ಹಾಗೇ ಇಟ್ಟುಕೊಳ್ಳಿ. ತುದಿ ಬಿಳುಪೇರಿದರೆ, ಕೆಂಪಾದರೆ, ಒಳಗೆ ನಾಡಿ ಮಿಡಿದಂತೆ ಅನಿಸಿದರೆ ಅದು ಬಿಗಿಯಾಯಿತು. ತೆಗೆದ ಮೇಲೆ ಚರ್ಮದಲ್ಲಿ ತೆಳುವಾದ ಗೆರೆ ಉಳಿಯುವುದು ಸಹಜ, ಆಳವಾದ ಹಳ್ಳ ಉಳಿಯುವುದು ಸಹಜವಲ್ಲ. ನಮ್ಮ ಊರುಗಳ ವಾದ್ಯದ ಅಂಗಡಿಗಳಲ್ಲಿ ಒಂದೆರಡು ಬಗೆಗಿಂತ ಹೆಚ್ಚು ಸಿಗುವುದು ಕಷ್ಟ ಎಂಬುದು ನಿಜ. ಸಿಕ್ಕಿದ್ದರಲ್ಲೇ ಅಳತೆಯ ಅಂದಾಜು ಮಾಡಿಕೊಂಡರೆ ಉಳಿದದ್ದನ್ನು ತರಿಸುವಾಗ ತಪ್ಪುವುದಿಲ್ಲ.

ಅಲಗಿನ ಉದ್ದ, ಅಗಲ, ದಪ್ಪ

ಬರಿಯ ಹೆಬ್ಬೆರಳಿನಲ್ಲಿ ನುಡಿಸಿ ರೂಢಿಯಾದವರಿಗೆ ಪಿಕ್ ಹಾಕಿದ ಕೂಡಲೇ ಎದುರಾಗುವ ಕಿರಿಕಿರಿ ಅಲಗಿನ ಉದ್ದದ್ದು. ಬೆರಳು ನೆನಪಿಟ್ಟುಕೊಂಡಿರುವ ದೂರಕ್ಕಿಂತ ಅಲಗು ಹಲವು ಮಿಲಿಮೀಟರ್ ಮುಂದೆ ಚಾಚಿರುವುದರಿಂದ ತಂತಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ, ಪಕ್ಕದ ತಂತಿಗೂ ತಾಗುತ್ತದೆ. ಬೆರಳುಗಳಿಂದಲೇ ತಂತಿ ಮೀಟುವ ಫಿಂಗರ್‌ಸ್ಟೈಲ್ ಕಲಿಯುವವರಿಗೆ ಆದ್ದರಿಂದ ಚಿಕ್ಕ, ಕಿರಿದಾದ ಅಲಗೇ ಮೇಲು. ಫ್ರೆಡ್ ಕೆಲ್ಲಿ ಸಂಸ್ಥೆಯ ಸ್ಪೀಡ್ ಪಿಕ್ ಈ ಬಗೆಯದು; ಅಲಗು ಎಷ್ಟು ಕಿರಿದೆಂದರೆ ಮೊದಲ ನೋಟಕ್ಕೆ ಇದರಿಂದ ನಾದ ಹೊರಟೀತೇ ಅನಿಸುತ್ತದೆ. ತಂತಿಯಿಂದ ಬೇಗ ಬಿಡಿಸಿಕೊಳ್ಳುವುದು ಅದರ ಗುಣ, ಜೋರಾಗಿ ಸವರಿದರೆ ಬಳುಕಿ ಸೋಲುವುದು ಅದರ ದೋಷ.

ನಡುನಡುವೆ ಪಿಕಿಂಗ್ ಬಿಟ್ಟು ಕಾರ್ಡ್ ಸವರುವ ಅಭ್ಯಾಸವಿದ್ದರೆ ಅಗಲ ಅಲಗು ಬೇಕು. ಹರ್ಕೋ ಹೆಸರಿನ ನೈಲಾನ್ ಪಿಕ್‌ಗಳಲ್ಲಿ ಅಲಗು ಹೆಚ್ಚುಕಡಿಮೆ ಚಪ್ಪಟೆ ಪಿಕ್ಕಿನಂತೆಯೇ ಇರುತ್ತದೆ. ತೋರುಬೆರಳನ್ನು ಅದರ ಮೇಲಿಟ್ಟು ಒತ್ತಿ ಹಿಡಿದರೆ ಮಾಮೂಲಿ ಪಿಕ್ಕಿನ ಹಾಗೆ ಮೇಲೆ ಕೆಳಗೆ ಎರಡೂ ಕಡೆ ಸವರಬಹುದು, ಬಿಟ್ಟರೆ ಮತ್ತೆ ಥಂಬ್ ಪಿಕ್. ಬ್ಲ್ಯಾಕ್ ಮೌಂಟನ್ ಎಂಬವರು ಪಟ್ಟಿಯ ಬದಲು ಸ್ಪ್ರಿಂಗ್ ಇಟ್ಟು, ಚಪ್ಪಟೆ ಪಿಕ್ಕನ್ನು ಬೆರಳಿಗೆ ಕಚ್ಚಿಸುವ ವಿನ್ಯಾಸ ಮಾಡಿದ್ದಾರೆ. ಸುತ್ತಳತೆಯ ತಲೆನೋವು ಅದರಲ್ಲಿ ಕಡಿಮೆ. ಆದರೆ ಸ್ಪ್ರಿಂಗಿನ ಒತ್ತಡ ಒಂದೇ ಕಡೆ ಬೀಳುವುದರಿಂದ ದೀರ್ಘಕಾಲ ನುಡಿಸುವವರು ಹಾಕಿ ನೋಡಿಯೇ ನಿರ್ಧರಿಸಬೇಕು.

ಸ್ಲೈಡ್ ಗಿಟಾರ್, ಡೋಬ್ರೋ, ಬ್ಯಾಂಜೋ ನುಡಿಸುವವರ ಲೆಕ್ಕ ಬೇರೆ. ಅಲ್ಲಿ ಕೈ ತಂತಿಗಳಿಂದ ತುಸು ಎತ್ತರದಲ್ಲಿದ್ದು ಗಟ್ಟಿಯಾಗಿ ಮೀಟಬೇಕು, ಮಿಕ್ಕ ಬೆರಳುಗಳಿಗೂ ಲೋಹದ ಪಿಕ್ ಇರುತ್ತದೆ. ಉದ್ದ, ದಪ್ಪ, ಬಾಗದ ಅಲಗು ಅವರಿಗೆ ಸರಿ. ಫಿಂಗರ್‌ಸ್ಟೈಲ್ ಗಿಟಾರಿಸ್ಟ್ ಮತ್ತು ಬ್ಯಾಂಜೋ ವಾದಕ ಒಬ್ಬರಿಗೊಬ್ಬರು ಕೊಡುವ ಸಲಹೆ ಹಲವು ಬಾರಿ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ದಪ್ಪದ ವಿಷಯ ಚುಟುಕಾಗಿ ಮುಗಿಸಬಹುದು: ತೆಳುವಾದದ್ದು ಕ್ಷಮಿಸುತ್ತದೆ ಆದರೆ ಚಟಚಟ ಸದ್ದು ಮಾಡುತ್ತದೆ, ದಪ್ಪನೆಯದು ತುಂಬು ನಾದ ಕೊಡುತ್ತದೆ ಆದರೆ ಕೈ ತಪ್ಪಿದ್ದನ್ನು ಬಯಲು ಮಾಡುತ್ತದೆ. ನಡುವಿನದರಿಂದ ಆರಂಭಿಸಿ.

ವಸ್ತುವಿನ ಮಾತು

ಸೆಲ್ಯುಲಾಯ್ಡ್ ಹಳೆಯದು, ಈಗಲೂ ಬಳಕೆಯಲ್ಲಿರುವುದು. ಆಮೆಚಿಪ್ಪಿನ ಬಣ್ಣದ, ಕಂದು ಮಚ್ಚೆಗಳ ಪಿಕ್‌ಗಳಲ್ಲಿ ಹಲವು ಇದರವೇ. ಅದನ್ನು ತಯಾರಿಸುವಾಗ ಕರ್ಪೂರ ಬೆರೆಸಿರುತ್ತಾರೆ; ಬಟ್ಟೆಗೆ ಗಸಗಸ ಉಜ್ಜಿ ಮೂಸಿದರೆ ಸಣ್ಣಗೆ ಆ ವಾಸನೆ ಬರುತ್ತದೆ. ಇದು ಸೆಲ್ಯುಲಾಯ್ಡ್ ಹೌದೇ ಅಲ್ಲವೇ ಎಂದು ತಿಳಿಯಲು ಒಳ್ಳೆಯ ಉಪಾಯ, ಏಕೆಂದರೆ ಮುಂದೆ ಹೇಳುವ ಬಿಸಿನೀರಿನ ಉಪಚಾರ ಚೆನ್ನಾಗಿ ಫಲಿಸುವುದು ಇದಕ್ಕೆ. ನಿಜವಾದ ಆಮೆಚಿಪ್ಪಿನ ಹಳೆಯ ಪಿಕ್ ಯಾರಾದರೂ ಮಾರಲು ಬಂದರೆ ಕೈ ಹಾಕಬೇಡಿ. ಆ ಚಿಪ್ಪು ಹಾಕ್ಸ್‌ಬಿಲ್ ಕಡಲಾಮೆಯದು, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಕಟ್ಟುನಿಟ್ಟಿನ ರಕ್ಷಣೆಯಿದೆ, ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ.

ಡೆಲ್ರಿನ್ ಎಂಬ ಪ್ಲಾಸ್ಟಿಕ್ ನುಣುಪು, ಸವೆತ ಕಡಿಮೆ, ತಂತಿಯ ಮೇಲೆ ಸುಲಭವಾಗಿ ಜಾರುತ್ತದೆ. ನೈಲಾನ್ ಬಳುಕುತ್ತದೆ, ಪಟ್ಟಿಯೂ ಮೃದು; ಸೂಕ್ಷ್ಮ ಚರ್ಮದವರಿಗೆ ಹಿತ. ಅಲ್ಟೆಮ್ ಬಗೆಯ ಪ್ಲಾಸ್ಟಿಕ್ ಗಡುಸು, ನಾದ ಮೊನಚು. ಡನ್‌ಲಪ್ ಹೆಸರಿನಲ್ಲಿ ಬರುವವು ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ (ಟೈರಿನ ಡನ್‌ಲಪ್‌ಗೂ ಇದಕ್ಕೂ ನಂಟಿಲ್ಲ). ಟೆನ್ನೆಸ್ಸಿಯ ಬ್ಲೂಚಿಪ್‌ನಂಥ ತಯಾರಕರ ಪಿಕ್ ಒಂದಕ್ಕೆ ಹತ್ತಾರು ಡಾಲರ್ ತೆರಬೇಕು. ಅದರ ಗುಣದ ಬಗ್ಗೆ ತಕರಾರಿಲ್ಲ, ಆದರೆ ತನ್ನ ಬೆರಳಿಗೆ ಯಾವ ಆಕಾರ ಬೇಕೆಂದು ಇನ್ನೂ ತಿಳಿಯದವರು ಅಲ್ಲಿಂದ ಆರಂಭಿಸುವುದು ದುಂದು. ಅಮೆರಿಕದಿಂದ ಬರುವ ನೆಂಟರ ಪೆಟ್ಟಿಗೆಯಲ್ಲಿ ತರಿಸಿಕೊಳ್ಳಲು ಇಷ್ಟು ಹಗುರವಾದ ವಸ್ತು ಇನ್ನೊಂದಿಲ್ಲ. ಹಾಗೆಂದು ಒಂದೇ ಬಗೆಯದನ್ನು ಡಜನ್‌ಗಟ್ಟಲೆ ತರಿಸಬೇಡಿ. ಬಗೆಗೊಂದರಂತೆ ತರಿಸಿ.

ಪೂರ್ತಿ ಲೋಹದವೂ, ಪಟ್ಟಿ ಲೋಹದ್ದಾಗಿ ಅಲಗು ಪ್ಲಾಸ್ಟಿಕ್ಕಿನದಾಗಿರುವ ಮಿಶ್ರ ಪಿಕ್‌ಗಳೂ ಇವೆ. ಎರಡನೆಯದನ್ನು ಹೆಚ್ಚು ಜನ ಪ್ರಯತ್ನಿಸಿ ನೋಡಬೇಕೆಂಬುದು ನನ್ನ ಆಸೆ. ಸಿತಾರ್ ನುಡಿಸುವವರು ಮಿಜರಾಬಿನ ತಂತಿಯನ್ನು ಅದುಮಿ ತಮ್ಮ ತೋರುಬೆರಳಿಗೆ ಹೊಂದಿಸಿಕೊಳ್ಳುವಂತೆ ಇದರ ಪಟ್ಟಿಯನ್ನೂ ಕೈಯಿಂದಲೇ ಅಥವಾ ಇಕ್ಕಳದಿಂದ ಬೇಕಾದಷ್ಟು ಬಾರಿ ಬಗ್ಗಿಸಬಹುದು. ಒಂದು ಎಚ್ಚರಿಕೆ: ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದಲ್ಲಿ ಬೆಳ್ಳಿ ಇಲ್ಲ, ಇರುವುದು ತಾಮ್ರ, ನಿಕಲ್, ಸತು. ಗಿಲೀಟಿನ ಓಲೆ ಹಾಕಿದರೆ ಕಿವಿ ತುರಿಸುವವರಿಗೆ ನಿಕಲ್ ಒಗ್ಗದಿರುವ ಸಾಧ್ಯತೆ ಹೆಚ್ಚು. ಅಂಥವರು ಹಿತ್ತಾಳೆಯದನ್ನೋ ಪ್ಲಾಸ್ಟಿಕ್ಕಿನದನ್ನೋ ಆರಿಸಿಕೊಳ್ಳಲಿ.

ಪಟ್ಟಿಯನ್ನು ಬೆರಳಿಗೆ ಹೊಂದಿಸುವುದು

ಸೆಲ್ಯುಲಾಯ್ಡ್ ಪಿಕ್ಕನ್ನು ತಿದ್ದಲು ಬೇಕಾದವು: ಕುದಿದು ಒಲೆಯಿಂದ ಇಳಿಸಿದ ನೀರು, ಚಿಕ್ಕ ಇಕ್ಕಳ, ಒಂದು ಬಟ್ಟಲು ತಣ್ಣೀರು, ಮತ್ತು ಬೆರಳಿನ ವ್ಯಾಸಕ್ಕಿಂತ ಒಂದೆರಡು ಮಿಲಿಮೀಟರ್ ತೆಳುವಾದ ದುಂಡನೆಯ ವಸ್ತು. ತೆಳು ಏಕೆಂದರೆ ಪ್ಲಾಸ್ಟಿಕ್ ತಣಿದ ಮೇಲೆ ತುಸು ಹಿಗ್ಗಿ ಬಾಯಿ ಬಿಡುತ್ತದೆ. 19 ಮಿಲಿಮೀಟರ್ ಬೆರಳಿಗೆ ಬೋರ್ಡಿನ ಮೇಲೆ ಬರೆಯುವ ದಪ್ಪ ಮಾರ್ಕರ್ ಪೆನ್ನು ಸಾಮಾನ್ಯವಾಗಿ ಸರಿಹೋಗುತ್ತದೆ. ಅಳೆದು ನೋಡಿ.

ಅಲಗನ್ನು ಇಕ್ಕಳದಲ್ಲಿ ಹಿಡಿದು ಪಟ್ಟಿಯ ಭಾಗವನ್ನಷ್ಟೇ ಬಿಸಿನೀರಿನಲ್ಲಿ ಮುಳುಗಿಸಿ. ಅಲಗು ಮುಳುಗಿದರೆ ಅದೂ ಸೊಟ್ಟಗಾಗುತ್ತದೆ. ಹತ್ತು ಹದಿನೈದು ಸೆಕೆಂಡಿಗೆ ಒಮ್ಮೆ ಎತ್ತಿ, ಪಟ್ಟಿ ಮೆತ್ತಗಾಗಿದೆಯೇ ಎಂದು ಚಮಚದ ಹಿಡಿಯಿಂದ ಒತ್ತಿ ನೋಡಿ. ಮೆತ್ತಗಾದ ಕೂಡಲೇ ಪೆನ್ನಿನ ಸುತ್ತ ಸುತ್ತಿ, ಬಟ್ಟೆ ಹಿಡಿದು ಒತ್ತಿ, ಹಾಗೆಯೇ ತಣ್ಣೀರಿಗೆ ಅದ್ದಿ. ಬೆರಳೆಂಬುದು ಪೂರ್ತಿ ದುಂಡಗಿರುವುದಿಲ್ಲ, ಉಗುರಿನ ಕಡೆ ಚಪ್ಪಟೆ. ಆದ್ದರಿಂದ ತಣಿಯುವ ಮುನ್ನ ಮೇಲ್ಭಾಗವನ್ನು ತುಸು ಅದುಮಿ ಅಂಡಾಕಾರ ಮಾಡಿದರೆ ತಿರುಗುವ ರೋಗ ಅರ್ಧ ವಾಸಿ. ಹಾಕಿ ನೋಡಿ, ಸಾಲದಿದ್ದರೆ ಮತ್ತೆ ಮಾಡಿ. ಬಿಸಿ ಪಿಕ್ಕನ್ನು ನೇರವಾಗಿ ಬೆರಳಿಗೇ ಹಾಕಿ ಆಕಾರ ತೆಗೆಯುವ ಧೈರ್ಯ ಬೇಡ.

ಮೇಣದ ಬತ್ತಿ, ಲೈಟರ್, ಗ್ಯಾಸ್ ಒಲೆಯ ಉರಿ ಇವುಗಳ ಹತ್ತಿರಕ್ಕೂ ಸೆಲ್ಯುಲಾಯ್ಡ್ ತರಬಾರದು. ಅದು ನೈಟ್ರೋಸೆಲ್ಯುಲೋಸಿನಿಂದ ಆದದ್ದು, ಹಳೆಯ ಸಿನಿಮಾ ರೀಲುಗಳ ಸಂಬಂಧಿ. ಹೊತ್ತಿಕೊಂಡರೆ ಆರಿಸಲು ಸಮಯ ಕೊಡುವುದಿಲ್ಲ.

ಡೆಲ್ರಿನ್, ಅಲ್ಟೆಮ್, ಪಾಲಿಕಾರ್ಬೊನೇಟ್ ಇವು ಕುದಿಯುವ ನೀರಿಗೂ ಜಗ್ಗುವುದಿಲ್ಲ, ಅವು ಮೆತ್ತಗಾಗುವ ತಾಪಮಾನ ಬಹಳ ಮೇಲಿದೆ. ಅವುಗಳಲ್ಲಿ ಬಿಗಿಯಾದದ್ದನ್ನು ಬಿಟ್ಟು ದೊಡ್ಡ ಗಾತ್ರ ಕೊಳ್ಳುವುದೇ ದಾರಿ. ಸಡಿಲವಾದದ್ದಕ್ಕೆ ಪಟ್ಟಿಯ ಒಳಗೆ ಗಾಯಕ್ಕೆ ಹಚ್ಚುವ ಬಟ್ಟೆಯ ಅಂಟುಪಟ್ಟಿಯ ಚೂರನ್ನು ಅಂಟಿಸಬಹುದು. ಈ ಅಂಟುಪಟ್ಟಿಯ ಉಪಾಯ ನೋಡಲು ಚೆಂದವಿಲ್ಲ, ಆದರೆ ಬಿಗಿ, ಮೆತ್ತೆ, ಬೆವರು ಹೀರುವಿಕೆ ಮೂರನ್ನೂ ಒಂದೇ ಏಟಿಗೆ ಕೊಡುತ್ತದೆ. ಮಕ್ಕಳ ಸಣ್ಣ ಬೆರಳಿಗೆ ದೊಡ್ಡವರ ಪಿಕ್ ಹೊಂದಿಸಲೂ ಇದೇ ಉಪಾಯ.

ಪಟ್ಟಿಯ ಅಂಚುಗಳನ್ನು ಉಗುರಿನಿಂದ ಸವರಿ ನೋಡಿ. ಅಚ್ಚಿನಿಂದ ತೆಗೆದ ಅಗ್ಗದ ಪಿಕ್‌ಗಳಲ್ಲಿ ಅಂಚಿಗೆ ಗರಗಸದಂಥ ಸಣ್ಣ ಗೆರೆ ಉಳಿದಿರುತ್ತದೆ. ಪಿಕ್ ಬಿಗಿಯಾಗಿದೆ ಎಂದು ದೂರುವವರಲ್ಲಿ ಹಲವರನ್ನು ನಿಜವಾಗಿ ಕಾಡುತ್ತಿರುವುದು ಆ ಗೆರೆ. 600 ನಂಬರಿನ ಉಪ್ಪುಕಾಗದವನ್ನು ಪೆನ್ಸಿಲಿಗೆ ಸುತ್ತಿ ಒಳ ಅಂಚನ್ನು ದುಂಡಗೆ ಉಜ್ಜಿದರೆ ಕೆಲವೇ ನಿಮಿಷದ ಕೆಲಸ.

ಅಲಗನ್ನು ತಿದ್ದುವುದು

ಪಟ್ಟಿ ಒಪ್ಪಿದ ಮೇಲೆ ಕೆಲವು ದಿನ ನುಡಿಸಿ, ಆಮೇಲೆ ಅಲಗಿಗೆ ಕೈ ಹಾಕಿ. ಸಿಕ್ಕಿಕೊಳ್ಳುತ್ತಿರುವುದು ಉದ್ದದಿಂದಲೋ ಕೈಯ ಭಂಗಿಯಿಂದಲೋ ಎಂದು ಮೊದಲ ದಿನವೇ ಗೊತ್ತಾಗುವುದಿಲ್ಲ. ಉದ್ದದಿಂದ ಎಂದು ಖಾತ್ರಿಯಾದರೆ ತುದಿಯಿಂದ ಒಂದು ಮಿಲಿಮೀಟರ್ ಒಳಗೆ ಪೆನ್ನಿನಿಂದ ಗುರುತು ಹಾಕಿ, ನೇಲ್ ಕಟರ್‌ನಿಂದ ಕತ್ತರಿಸಿ, 400ರ ಉಪ್ಪುಕಾಗದದಿಂದ ದುಂಡಗೆ ಮಾಡಿ, 1000ದ್ದರಿಂದ ನಯ ಮಾಡಿ, ಕೊನೆಗೆ ಜೀನ್ಸ್ ಬಟ್ಟೆಗೆ ಉಜ್ಜಿ ಹೊಳಪು ಬರಿಸಿ. ನುಡಿಸಿ ನೋಡಿದ ಮೇಲೆಯೇ ಮತ್ತೊಂದು ಮಿಲಿಮೀಟರ್. ಕಡಿದದ್ದು ಮರಳಿ ಬೆಳೆಯಲು ಇದು ಉಗುರಲ್ಲ.

ತಂತಿಗೆ ತಾಗುವ ಅಂಚು ಒರಟಾಗಿದ್ದರೆ ಸುತ್ತಿದ ತಂತಿಗಳ ಮೇಲೆ ಕರಕರ ಸದ್ದು ಬರುತ್ತದೆ. ಮೊನೆ ಚೂಪಾದಷ್ಟೂ ನಾದ ತೆಳು ಮತ್ತು ಸ್ಪಷ್ಟ, ದುಂಡಾದಷ್ಟೂ ಬೆಚ್ಚಗೆ. ಒಂದೇ ಬಗೆಯ ಎರಡು ಪಿಕ್ ಕೊಂಡು ಒಂದನ್ನು ತಿದ್ದಿ, ಇನ್ನೊಂದನ್ನು ಹಾಗೇ ಉಳಿಸಿಕೊಂಡು ಹೋಲಿಸಿ ನೋಡಿದರೆ ಹೊಸ ಪಿಕ್ ಕೊಳ್ಳುವ ಚಪಲ ಕಡಿಮೆಯಾಗುತ್ತದೆ.

ಬೆವರು

ಕರಾವಳಿಯವರಿಗೆ, ವೇದಿಕೆಯ ದೀಪಗಳ ಕೆಳಗೆ ಕೂರುವವರಿಗೆ ಜಾರುವ ತೊಂದರೆ ಅಳತೆ ಸರಿಯಿದ್ದರೂ ತಪ್ಪುವುದಿಲ್ಲ. ಪಿಟೀಲಿನ ಕಮಾನಿಗೆ ಉಜ್ಜುವ ರಾಳದ ಪುಡಿಯನ್ನು ಚಿಟಿಕೆಯಷ್ಟು ಪಟ್ಟಿಯ ಒಳಭಾಗಕ್ಕೆ ಸವರಿದರೆ ಹಿಡಿತ ಬರುತ್ತದೆ. ಅಲಗಿಗೆ, ತಂತಿಗೆ ತಾಗದಂತೆ ನೋಡಿಕೊಳ್ಳಿ, ಅಂಟಂಟಾಗುತ್ತದೆ. ಟಾಲ್ಕಂ ಪೌಡರ್ ಹಾಕುವವರಿದ್ದಾರೆ. ಅದು ಕೈಯನ್ನು ಒಣಗಿಸುತ್ತದೆ ನಿಜ, ಜೊತೆಗೆ ನುಣುಪನ್ನೂ ಹೆಚ್ಚಿಸುತ್ತದೆ. ಪಟ್ಟಿಯ ಒಳಮೈಯನ್ನು ಉಪ್ಪುಕಾಗದದಿಂದ ಲಘುವಾಗಿ ಒರಟು ಮಾಡುವುದು ಇನ್ನೊಂದು ದಾರಿ. ಕೈಗೆ ಕೊಬ್ಬರಿ ಎಣ್ಣೆಯೋ ಕ್ರೀಮೋ ಹಚ್ಚಿಕೊಳ್ಳುವ ಅಭ್ಯಾಸವಿದ್ದರೆ ಅದನ್ನು ನುಡಿಸಿದ ನಂತರಕ್ಕೆ ಇಟ್ಟುಕೊಳ್ಳಿ. ಇದೆಲ್ಲದಕ್ಕೂ ಮುನ್ನ ಸೋಪಿನಿಂದ ಕೈ ತೊಳೆದು ಒರೆಸಿಕೊಂಡು ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗಿರುತ್ತದೆ.

ಮೊದಲ ವಾರಗಳ ಅಭ್ಯಾಸ

ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಇ ಮೈನರ್ ಕಾರ್ಡ್ ಹಿಡಿದು ಹೆಬ್ಬೆರಳಿನಿಂದ ಆರನೆಯ ಮತ್ತು ನಾಲ್ಕನೆಯ ತಂತಿಗಳನ್ನು ಸರದಿಯಂತೆ ಮೀಟಿ. ಉಳಿದ ಬೆರಳುಗಳು ಸುಮ್ಮನಿರಲಿ. ಎ ಅಥವಾ ಸಿ ಕಾರ್ಡ್ ಆದರೆ ಐದು ಮತ್ತು ನಾಲ್ಕು. ತಂತಿಯ ಕೆಳಗೆ ಹೋಗಬೇಕಾದದ್ದು ಅಲಗಿನ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ. ಅದಕ್ಕಾಗಿ ಮಣಿಕಟ್ಟನ್ನು ಬರಿಗೈಯಲ್ಲಿ ನುಡಿಸುವುದಕ್ಕಿಂತ ತುಸು ಎತ್ತಬೇಕಾಗುತ್ತದೆ. ಅಲಗಿನ ಚಪ್ಪಟೆ ಮುಖ ತಂತಿಗೆ ನೇರವಾಗಿ ತಾಗಬೇಕು, ಓರೆಯಾಗಿ ಕೆರೆಯಬಾರದು. ಓರೆ ಬರುತ್ತಿದ್ದರೆ ಮಣಿಕಟ್ಟನ್ನು ತಿರುಚುವ ಬದಲು ಬೆರಳಿನ ಮೇಲೆ ಪಿಕ್ಕನ್ನೇ ಒಂದು ಎಳೆಯಷ್ಟು ತಿರುಗಿಸಿಕೊಳ್ಳಿ.

ಆಮೇಲೆ ಅಂಗೈಯ ಅಂಚನ್ನು ಬ್ರಿಡ್ಜ್ ಮೇಲಿಟ್ಟು ಕೆಳಸ್ವರಗಳನ್ನು ಅದುಮಿ ನುಡಿಸಿ. ಟ್ರಾವಿಸ್ ಮತ್ತು ಆಟ್ಕಿನ್ಸ್ ಅವರ ಆ ಡುಬ್ ಡುಬ್ ನಾದ ಬರುವುದು ಹೀಗೆ. ಪಿಕ್ ಸರಿಯಾಗಿದೆಯೇ ಎಂಬುದಕ್ಕೂ ಇದು ಒಳ್ಳೆಯ ಪರೀಕ್ಷೆ: ಅಂಗೈ ಊರಿದಾಗ ಅಲಗು ತಂತಿಯನ್ನು ತಲುಪಲು ಹೆಬ್ಬೆರಳು ಹಿಂದಕ್ಕೆ ಬಾಗಬೇಕಾಗುತ್ತಿದ್ದರೆ ಅಲಗು ಉದ್ದವಾಯಿತು, ಕೆಳಗೆ ತುಯ್ಯಬೇಕಾಗುತ್ತಿದ್ದರೆ ಗಿಡ್ಡವಾಯಿತು. ಹೆಬ್ಬೆರಳು ಸಲೀಸಾಗಿ ನಡೆಯತೊಡಗಿದ ಮೇಲೆಯೇ ತೋರುಬೆರಳನ್ನು ಸೇರಿಸಿ.

ಮೊದಲಿಗೆ ಕೆಳಸ್ವರ ಅಬ್ಬರಿಸಿ ಮೇಲಿನ ತಂತಿಗಳ ರಾಗ ಮುಳುಗುವುದು ಎಲ್ಲರಿಗೂ ಆಗುತ್ತದೆ. ಪ್ಲಾಸ್ಟಿಕ್ಕಿಗೂ ಚರ್ಮಕ್ಕೂ ಇರುವ ವ್ಯತ್ಯಾಸ ಅದು. ಅದಕ್ಕಾಗಿ ಪಿಕ್ ಬದಲಿಸಬೇಡಿ, ಹೆಬ್ಬೆರಳಿನ ಬಲ ಕಡಿಮೆ ಮಾಡಿ.

ನೋವನ್ನು ಸಹಿಸುವುದು ಸಾಧನೆಯಲ್ಲ. ಹೆಬ್ಬೆರಳಿನ ಎರಡೂ ಪಕ್ಕಗಳಲ್ಲಿ ಚರ್ಮದ ಕೆಳಗೇ ಸೂಕ್ಷ್ಮ ನರಗಳು ಹಾದುಹೋಗುತ್ತವೆ. ದಿನಗಟ್ಟಲೆ ಬಿಗಿ ಬಿದ್ದರೆ ತುದಿ ಜೋಮು ಹಿಡಿಯುತ್ತದೆ, ಮುಳ್ಳು ಚುಚ್ಚಿದಂತಾಗುತ್ತದೆ. ಬೌಲಿಂಗ್ ಆಟದ ಚೆಂಡಿನ ತೂತಿನಲ್ಲಿ ಹೆಬ್ಬೆರಳು ತುರುಕುವವರಲ್ಲಿ ಇದೇ ಬಗೆಯ ನರದ ತೊಂದರೆ ವೈದ್ಯರಿಗೆ ಪರಿಚಿತ. ಪಿಕ್ ತೆಗೆದ ಕೆಲವು ನಿಮಿಷಗಳಲ್ಲಿ ಜೋಮು ಹೋದರೆ ಪಟ್ಟಿಯನ್ನು ಸಡಿಲಿಸಿ. ಮರುದಿನವೂ ಉಳಿದಿದ್ದರೆ ಪಿಕ್ ಬಿಟ್ಟು ವಿರಾಮ ಕೊಡಿ, ವಿರಾಮದ ನಂತರವೂ ಹೋಗದಿದ್ದರೆ ವೈದ್ಯರನ್ನು ನೋಡಿ. ಮಧುಮೇಹದಿಂದ ಬೆರಳಿನ ಸ್ಪರ್ಶ ಮಂದವಾಗಿರುವವರು ಬಿಗಿಯನ್ನು ನೋವಿನಿಂದ ಅಳೆಯದೆ ಚರ್ಮದ ಬಣ್ಣ ನೋಡಿ ಅಳೆಯಬೇಕು.

ಇಡುವುದು, ಬದಲಿಸುವುದು

ತಿದ್ದಿದ ಪಿಕ್ಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಪಟ್ಟಿ ಮತ್ತೆ ಬಾಯಿ ಬಿಡಬಹುದು. ಜೇಬಿನಲ್ಲಿ ಕೀಲಿಗೊಂಚಲಿನ ಜೊತೆ ಹಾಕಿದರೆ ಅಲಗಿನ ಅಂಚು ಕೆಡುತ್ತದೆ. ಮಾರ್ಕರ್ ಪೆನ್ನಿಗೇ ತೊಡಿಸಿ ಚೀಲದಲ್ಲಿಟ್ಟರೆ ಆಕಾರ ಉಳಿಯುತ್ತದೆ, ಹುಡುಕಲೂ ಸುಲಭ. ವಾರಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆಯಿರಿ, ಬಿಸಿನೀರು ಬೇಡ. ಅಲಗಿನ ಒಂದು ಮೂಲೆ ಓರೆಯಾಗಿ ಸವೆದು ಚಪ್ಪಟೆಯಾದರೆ ಒಮ್ಮೆ ಉಪ್ಪುಕಾಗದದಿಂದ ಸರಿಪಡಿಸಬಹುದು, ಎರಡನೆಯ ಸಲ ಸವೆಯುವ ಹೊತ್ತಿಗೆ ಅದು ಗಿಡ್ಡವಾಗಿರುತ್ತದೆ. ಪಟ್ಟಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಆ ದಿನವೇ ಬಿಸಾಡಿ, ಅದು ಮುರಿಯುವುದು ಕಛೇರಿಯ ನಡುವೆಯೇ. ಹೊಂದಿದ ಪಿಕ್ ಒಂದು ಸಿಕ್ಕ ಮೇಲೆ ಅದೇ ತಯಾರಕರ, ಅದೇ ಗಾತ್ರದ ಇನ್ನೂ ಎರಡನ್ನು ಕೊಂಡು, ಅದೇ ಪೆನ್ನಿನ ಮೇಲೆ ತಿದ್ದಿ ಇಟ್ಟುಕೊಳ್ಳಿ. ತಯಾರಕರು ಅಚ್ಚು ಬದಲಿಸುವಾಗ ನಮ್ಮನ್ನು ಕೇಳುವುದಿಲ್ಲ.